ಕಣ್ಣಕ್ಕನ ನಾಲ್ಕು ಸಹಿ

ವ್ಯಾನು ಊರ ಬಾಯಿಗೆ ಬಂದು ಹಾರ್ನ್ ಹೊಡೆದರೆ ಸಾಕು, ಮಕ್ಕಳು "ಕಣ್ಣಕ್ಕ ಬಂದ್ಲು, ಕಣ್ಣಕ್ಕ ಬಂದ್ಲು" ಎಂದು ಹಿಂದೆ ಓಡಿಬರುತ್ತಿದ್ದವು. ಹೆತ್ತವರು ಇಟ್ಟ ಹೆಸರು ಅವಳ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹದಿಮೂರು ವರ್ಷದಿಂದ ಅವಳು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಡಾಕ್ಟರು ಕಾಲಿಡದ ಊರುಗಳಿಗೆ ಹೋಗುವುದು, ಶಾಲೆಯದೋ ಡೈರಿಯದೋ ಒಂದು ಕೋಣೆ ಬೇಡಿ ಪಡೆಯುವುದು, ಸಾಲಿನಲ್ಲಿ ಬಂದವರ ಕಣ್ಣು ನೋಡುವುದು, ಕನ್ನಡಕದಿಂದ ಸರಿಹೋಗುವವರಿಗೆ ಕನ್ನಡಕ ಕೊಡುವುದು, ಪೊರೆ ಬಲಿತವರನ್ನು ಅದೇ ವ್ಯಾನಿನಲ್ಲಿ ಕೂರಿಸಿಕೊಂಡು ಆಪರೇಷನ್ನಿಗೆ ಪಟ್ಟಣಕ್ಕೆ ಕರೆತರುವುದು. ಹೇಳಲು ಇಷ್ಟೇ. ಮಾಡಲು ಹೊರಟರೆ ಸೊಂಟ ಬೀಳುತ್ತದೆ.

ಮೂವತ್ತೆಂಟಕ್ಕೇ ಅವಳ ಸೊಂಟ ಬಿದ್ದಿತ್ತು. ಕುಳಿತವರ ಕಣ್ಣಿಗೆ ಟಾರ್ಚ್ ಬಿಡಲು ದಿನಕ್ಕೆ ನೂರು ಸಲ ಬಗ್ಗಬೇಕು, ನೂರು ಸಲ ಒಂದೇ ಪ್ರಶ್ನೆ ಕೇಳಬೇಕು: "ಬಾಚಣಿಗೆ ಹಲ್ಲು ಯಾವ ಕಡೆ ಇದೆ?"

ಓದು ಬಾರದವರಿಗೆಂದೇ ಮಾಡಿದ ಬೋರ್ಡು ಅದು. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು. ಮೇಲೆ ದೊಡ್ಡದು, ಸಾಲು ಇಳಿದಂತೆ ಚಿಕ್ಕದು. ಹಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಇಪ್ಪತ್ತು ಅಡಿ ದೂರದಲ್ಲಿ ಕೂತು, ಅವಳು ಬೆರಳಿಟ್ಟ ಬಾಚಣಿಗೆಯ ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಕೆಲವರು ಬಾಯಲ್ಲಿ ಎಡ ಎಂದು ಕೈಯಲ್ಲಿ ಬಲ ತೋರಿಸುತ್ತಾರೆ. ಕೆಲವರಿಗೆ ತಾವೇ ಯಾಕೆ ಹೇಳಬೇಕೆಂಬುದೇ ಅರ್ಥವಾಗುವುದಿಲ್ಲ. "ನೀನು ಅದರ ಪಕ್ಕದಲ್ಲೇ ನಿಂತಿದ್ದೀಯಲ್ಲಮ್ಮ, ನೀನೇ ನೋಡ್ಕೊಂಡು ಬರ್ಕೊಬಾರ್ದಾ?" ಎಂದು ಗದರುತ್ತಾರೆ.

ಆ ಬೋರ್ಡು ನೇತುಹಾಕುವ ಕೆಲಸ ಡ್ರೈವರಣ್ಣನದು. ಐವತ್ತಾರು ವಯಸ್ಸಿನ ಆತ ಒಂಬತ್ತು ವರ್ಷದಿಂದ ಅವಳ ಜೊತೆಗಾರ. ವ್ಯಾನು ನಿಲ್ಲಿಸಿದವನೇ ಇಪ್ಪತ್ತು ಅಡಿಯ ಹಗ್ಗ ಹಿಡಿದು ದೂರ ಅಳೆಯುವುದು, ಮೊಳೆ ಹುಡುಕಿ ಬೋರ್ಡು ತೂಗುಹಾಕುವುದು, ಸಾಲು ಸರಿಮಾಡುವುದು, ಹೆದರಿದವರಿಗೆ ಧೈರ್ಯ ಹೇಳುವುದು ಎಲ್ಲ ಅವನೇ. "ಇರುವೆ ಕಚ್ಚಿದಷ್ಟೂ ನೋವಾಗಲ್ಲ ಅಜ್ಜ. ನಾಳೆ ಪಟ್ಟಿ ಬಿಚ್ಚಿದ್ರೆ ನಿನ್ನ ಹೆಂಡತಿ ಮುಖ ಸ್ಪಷ್ಟವಾಗಿ ಕಾಣುತ್ತೆ. ಆಮೇಲೆ ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ನನ್ನ ಬೈಬೇಡ." ಸಾಲು ಗೊಳ್ಳೆಂದು ನಗುತ್ತಿತ್ತು. ಅವಳು ಅರ್ಧ ಗಂಟೆ ತಿಳಿಹೇಳಿದರೂ ಒಪ್ಪದವರು ಅವನ ಒಂದು ಮಾತಿಗೆ ವ್ಯಾನು ಹತ್ತುತ್ತಿದ್ದರು.

ಆ ದಿನ ಬೆಳಿಗ್ಗೆ ಹೊರಡುವಾಗಲೇ ಅವಳ ಮನಸ್ಸು ನೆಟ್ಟಗಿರಲಿಲ್ಲ. ನಾಲ್ಕು ವರ್ಷದ ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಔಷಧಿ ಹಾಕಿ, ಒದ್ದೆ ಬಟ್ಟೆ ಹಣೆಗಿಟ್ಟು, ಅತ್ತೆಯ ಮಡಿಲಿಗೆ ಹಾಕಿದಾಗ ಅತ್ತೆ, "ಊರವರ ಕಣ್ಣಿಗೆಲ್ಲ ನೀನೇ ಬೇಕು. ಇಲ್ಲಿ ಇದರ ಕಣ್ಣು ನಿನ್ನ ದಾರಿ ಕಾಯ್ತಾ ಇರುತ್ತೆ" ಎಂದರು. ಅವರು ಬೈದದ್ದಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಒಂದು ಮಾತು ಆಡಬಹುದಿತ್ತು. "ಆರಕ್ಕೆಲ್ಲ ಬಂದುಬಿಡ್ತೀನಿ ಅತ್ತೆ" ಎಂದು ಹೇಳಿ ಮೆಟ್ಟಿಲಿಳಿದಿದ್ದಳು.

ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೊಡನೆ ಕಣ್ಣು ಎಳೆಯತೊಡಗಿತು. ಅದು ಅವಳ ರೂಢಿ. ಮನೆಯಲ್ಲಿ ಬಾರದ ನಿದ್ದೆ ಆ ಸೀಟಿನಲ್ಲಿ ಬರುತ್ತಿತ್ತು. ಈಚೆಗೆ ಡ್ರೈವರಣ್ಣ ಅವಳನ್ನು ಮಲಗಲು ಬಿಡುತ್ತಿರಲಿಲ್ಲ. "ತಂಗಿ, ಆ ಕಡೆಯಿಂದ ಗಾಡಿ ಏನಾದ್ರೂ ಬರ್ತಿದೆಯಾ ನೋಡು." "ತಂಗಿ, ಆ ಬೋರ್ಡಲ್ಲಿ ಏನಿದೆ ಓದು, ನೀನು ಓದು ಕಲಿತಿದ್ದು ಸಾರ್ಥಕ ಆಗ್ಲಿ." ಸಂಜೆಯಾಗುವ ಮೊದಲೇ ಹೊರಡಬೇಕೆಂದು ಅವಸರ ಮಾಡುತ್ತಿದ್ದ. ವಯಸ್ಸಾಗುತ್ತ ಮನುಷ್ಯ ಮನೆಯ ಹುಳು ಆಗುತ್ತಾನೆ ಎಂದುಕೊಂಡಿದ್ದಳು ಅವಳು, ಅಷ್ಟೆ. ಅದಕ್ಕಿಂತ ಹೆಚ್ಚು ಯೋಚಿಸಲು ಪುರುಸೊತ್ತು ಎಲ್ಲಿತ್ತು?

ಕ್ಯಾಂಪು ನಡೆದದ್ದು ಗುಡ್ಡದಾಚೆಯ ಊರಿನ ಶಾಲೆಯಲ್ಲಿ. ಆ ಊರಿಗೆ ಅವಳು ಹೋಗುತ್ತಿದ್ದದ್ದು ಅದು ಮೂರನೆಯ ಸಲ. ಮೊದಲ ಸಲ ಪೊರೆ ಬಂದವರು ಎಂಟು ಮಂದಿ ಸಿಕ್ಕಿದರೂ ಒಬ್ಬರೂ ವ್ಯಾನು ಹತ್ತಲಿಲ್ಲ. ಎರಡನೆಯ ಸಲ ಇಬ್ಬರು ಹತ್ತಿ, ಬಾಗಿಲು ಹಾಕುವಷ್ಟರಲ್ಲಿ ಒಬ್ಬ ಇಳಿದುಹೋದ. ಉಳಿದ ಒಬ್ಬಳು ಮುದುಕಿ ಆಪರೇಷನ್ ಮಾಡಿಸಿಕೊಂಡು ಹಿಂದಿರುಗಿ, ಬೀದಿಯ ಕೊನೆಯಲ್ಲಿ ನಿಂತ ಮೊಮ್ಮಗನನ್ನು ಅಂಗಿಯ ಬಣ್ಣ ಸಮೇತ ಗುರುತಿಸಿದ ಮೇಲೆ ಊರು ಸ್ವಲ್ಪ ಬಗ್ಗಿತ್ತು. ಆ ದಿನ ತೊಂಬತ್ತು ಮಂದಿ ಸಾಲಿನಲ್ಲಿದ್ದರು.

ಬೋರ್ಡಿನ ಎರಡೂ ಬದಿಯಲ್ಲಿ ಅಚ್ಚಿತ್ತು. ಮೊದಲ ದೊಡ್ಡ ಸಾಲುಗಳು ಎರಡೂ ಕಡೆ ಒಂದೇ, ಕೆಳಗಿನವು ಬೇರೆ ಬೇರೆ. ಅವರು ಯಾವಾಗಲೂ ಬಳಸುತ್ತಿದ್ದದ್ದು ಮುಂದಿನ ಬದಿ. ಆ ದಿನ ಹಿಂದಿನ ಬದಿ ತೂಗುತ್ತಿತ್ತು. ಮೊದಲ ಮುದುಕನ ಸರದಿಯಲ್ಲೇ ಅವಳು ಅದನ್ನು ಗಮನಿಸಿದಳು. ಬಂದ ಊರಿಗೇ ಮತ್ತೆ ಬಂದಿದ್ದೇವಲ್ಲ, ಬಾಯಿಪಾಠ ಮಾಡಿಕೊಂಡವರು ಇದ್ದಾರೆಂದು ಬೇಕೆಂದೇ ತಿರುಗಿಸಿದ್ದಾನೆ, ಅಣ್ಣನ ತಲೆಯೇ ತಲೆ ಎಂದುಕೊಂಡು ಕೆಲಸಕ್ಕಿಳಿದಳು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮಂದಿ ಆಪರೇಷನ್ನಿಗೆ ಒಪ್ಪಿದ್ದರು. ಐದು ಹೆಂಗಸರು, ನಾಲ್ಕು ಗಂಡಸರು. ಆಪರೇಷನ್ ಆಗಬೇಕಾದ ಕಣ್ಣು ತಪ್ಪಬಾರದೆಂದು ಆ ಕಣ್ಣಿನ ಹುಬ್ಬಿನ ಮೇಲೆ ಒಂದೊಂದು ಬಿಳಿ ಪಟ್ಟಿ ಅಂಟಿಸಿದಳು. ಅವರಲ್ಲೊಬ್ಬಳು ಕುಳ್ಳಜ್ಜಿ, ಬಾಯಿ ಮಾತ್ರ ಎತ್ತರದ್ದು. "ಮಗ ಇವತ್ತು ಒಂದಿನ ಮಾತ್ರ ಬಿಟ್ಟಿದ್ದಾನೆ ನೋಡು. ನಾಳೆ ಅಂದ್ರೆ ದನ ಯಾರು ನೋಡ್ತಾರೆ ಅಂತಾನೆ. ಅವನಿಗೆ ದನದ ಕಣ್ಣೇ ಮುಖ್ಯ" ಎಂದು ವ್ಯಾನಿನೊಳಗಿಂದಲೇ ಕೂಗಿ ಹೇಳುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ಇವತ್ತು ಹತ್ತಿದವರನ್ನು ಇವತ್ತೇ ಕರೆದೊಯ್ಯಬೇಕು. ಮನೆಗೆ ಕಳಿಸಿದರೆ ಒಂದು ರಾತ್ರಿಯಲ್ಲಿ ಮಕ್ಕಳು, ಸೊಸೆಯರು, ನೆರೆಯವರು ಸೇರಿ ಹೆದರಿಸಿ ಮನಸ್ಸು ಕೆಡಿಸುತ್ತಾರೆ. ಹದಿಮೂರು ವರ್ಷದಲ್ಲಿ ಹಾಗೆ ಮನೆಗೆ ಹೋದವರು ತಿರುಗಿ ಬಂದದ್ದನ್ನು ಅವಳು ಬೆರಳೆಣಿಕೆಯಷ್ಟೇ ಕಂಡಿದ್ದಳು.

ಒಂಬತ್ತೂ ಮಂದಿ ವ್ಯಾನಿನಲ್ಲಿ ಕೂತಾಗಿತ್ತು. ಆಗ ಆಸ್ಪತ್ರೆಯ ಆಫೀಸಿನಿಂದ ಫೋನು. ಡ್ರೈವರನ ವರ್ಷದ ದೃಷ್ಟಿ ಪ್ರಮಾಣಪತ್ರ ಸಂಜೆಯೊಳಗೆ ಬೇಕಂತೆ. ಆ ನಿಯಮ ಬಂದು ನಾಲ್ಕು ವರ್ಷವಾಗಿತ್ತು, ನಾಲ್ಕು ವರ್ಷವೂ ಸಹಿ ಹಾಕಿದವಳು ಇವಳೇ. ಮಾಡುತ್ತಿದ್ದದ್ದು ಹೀಗೆ: ಕ್ಯಾಂಪು ಮುಗಿದ ಮೇಲೆ ಇವಳು ಮೇಜಿನ ಮುಂದೆ ಕೂತು ಲೆನ್ಸುಗಳನ್ನು ಒರೆಸಿ ಪೆಟ್ಟಿಗೆಗೆ ಜೋಡಿಸುತ್ತ "ಹೇಳಣ್ಣ" ಎನ್ನುವಳು. ಅವನು ದೂರದಲ್ಲಿ ಬೋರ್ಡಿನ ಎದುರು ನಿಂತು ಗಡಗಡನೆ ಒಪ್ಪಿಸುವನು. ಸಾಲುಗಳು ಇವಳಿಗೂ ಬಾಯಿಪಾಠ. ತಲೆ ಎತ್ತುವ ಅಗತ್ಯವೇ ಇರಲಿಲ್ಲ. ಕಿವಿಯಲ್ಲೇ ಕೇಳಿ, ಸರಿ ಎಂದು ಬರೆದು, ಸಹಿ ಹಾಕುವಳು.

ಆ ದಿನವೂ ಹಾಗೇ ಆಗಬೇಕಿತ್ತು. ಆದರೆ ಬೇಗ ಹೊರಡೋಣವೆಂದು ಅವಳೇ ಬೋರ್ಡು ಇಳಿಸಲು ಗೋಡೆಯ ಹತ್ತಿರ ಹೋಗಿದ್ದಳು. ಕೈ ಮೊಳೆಯ ಮೇಲಿತ್ತು.

"ಹಾಗೇ ಹೇಳಿಬಿಡಣ್ಣ, ಆಮೇಲೆ ತೆಗೀತೀನಿ" ಎಂದಳು.

ಡ್ರೈವರಣ್ಣ ಒಂದು ಕಣ್ಣಿಗೆ ಅಂಗೈ ಮುಚ್ಚಿಕೊಂಡು ನಾಟಕದವನಂತೆ ನಿಂತ. ಮೊದಲ ಎರಡು ಸಾಲು ಸರಿ. ಮೂರನೆಯದಕ್ಕೆ ಬೆರಳಿಟ್ಟಳು.

"ಎಡ, ಮೇಲೆ, ಬಲ."

ಅವಳ ಬೆರಳಿನ ಕೆಳಗಿದ್ದ ಬಾಚಣಿಗೆಯ ಹಲ್ಲು ಕೆಳಕ್ಕಿತ್ತು. ಪಕ್ಕದ್ದೂ ಕೆಳಕ್ಕೆ. ಅದರ ಪಕ್ಕದ್ದು ಎಡಕ್ಕೆ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. "ಸರಿಯಾಗಿ ನೋಡಣ್ಣ."

"ನೋಡೋದೇನು ಬಂತು? ನಾಲ್ಕನೇ ಸಾಲು ಬಲ, ಬಲ, ಕೆಳಗೆ, ಎಡ. ಐದು ಮೇಲೆ, ಎಡ..."

ಒಂದೂ ತಾಳೆಯಾಗಲಿಲ್ಲ. ಅವನು ಹೇಳುತ್ತಿದ್ದದ್ದು ಗೋಡೆಗೆ ಮುಖಮಾಡಿದ್ದ ಇನ್ನೊಂದು ಬದಿಯನ್ನು. ಅವನು ಬೋರ್ಡನ್ನು ಬೇಕೆಂದು ತಿರುಗಿಸಿರಲಿಲ್ಲ. ತಿರುಗಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಅವಳಿಗೆ ಮೊದಲು ನೆನಪಾದದ್ದು ವ್ಯಾನಿನಲ್ಲಿ ಕೂತ ಒಂಬತ್ತು ಮಂದಿಯಲ್ಲ, ಆಫೀಸೂ ಅಲ್ಲ. ಹೋದ ತಿಂಗಳು ಶಾಲೆಗೆ ರಜೆಯೆಂದು, ಅತ್ತೆಗೆ ಮೈ ಸರಿಯಿಲ್ಲವೆಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದೇ ವ್ಯಾನಿನ ಮುಂದಿನ ಸೀಟಿನಲ್ಲಿ ಘಾಟಿ ಇಳಿದಿದ್ದಳು. ಮಗಳು ಕಿಟಕಿಯಿಂದ ಕೈ ಹೊರಗೆ ಹಾಕುತ್ತಾಳೆಂದು ದಾರಿಯುದ್ದಕ್ಕೂ ಗದರಿದ್ದಳು. ಗದರಿ ಗದರಿ ಸುಸ್ತಾಗಿ ತಾನೇ ನಿದ್ದೆ ಹೋಗಿದ್ದಳು.

"ಅಣ್ಣ, ಇಲ್ಲಿ ಎಷ್ಟು ಬೆರಳು?" ಎಂದು ಕೈ ಎತ್ತಿದಳು.

ಅವನು ನಗುವುದನ್ನು ನಿಲ್ಲಿಸಿದ. ತುಸು ಹೊತ್ತು ಕತ್ತು ಮುಂದೆ ಚಾಚಿದ. ಆಮೇಲೆ ಮೆಲ್ಲಗೆ ಬಂದು ಬೆಂಚಿನ ಮೇಲೆ, ಬೆಳಿಗ್ಗೆಯಿಂದ ರೋಗಿಗಳು ಕೂತಿದ್ದ ಜಾಗದಲ್ಲಿ, ಕೂತ.

ಅವಳು ಟಾರ್ಚ್ ತೆಗೆದು ಬಗ್ಗಿದಳು. ಎಡಗಣ್ಣಿನ ಪಾಪೆಯಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಬಲಗಣ್ಣಿನಲ್ಲಿ ಮಂಜು. ಒಂಬತ್ತು ವರ್ಷ ಒಂದೇ ಡಬ್ಬಿಯ ಅನ್ನ ಹಂಚಿಕೊಂಡು ತಿಂದ ಮುಖ ಅದು. ಒಂದು ಸಲವೂ ಅವಳು ಅದಕ್ಕೆ ಬೆಳಕು ಹಿಡಿದು ನೋಡಿರಲಿಲ್ಲ.

"ಯಾವಾಗಿಂದ?"

"ಎಡದ್ದು ಎರಡು ವರ್ಷ ಆಯ್ತು. ಬಲದ್ದು ಪರ್ವಾಗಿಲ್ಲ ತಂಗಿ, ಹಗಲು ಹೊತ್ತು ಚೆನ್ನಾಗೇ ಕಾಣುತ್ತೆ. ಬಿಸಿಲು ಎದುರಿಗೆ ಬಂದ್ರೆ ಒಂಚೂರು..."

"ಒಂಚೂರು?"

"ಬರೀ ಬೆಳ್ಳಗೆ."

"ಹೊರಡೋ ಹೊತ್ತಿಗೆ ಬಿಸಿಲು ಎದುರಿಗೇ ಇರುತ್ತಲ್ಲಣ್ಣ!"

"ನಿಧಾನಕ್ಕೆ ಹೋಗ್ತೀನಿ. ಅರವತ್ತು ಕಿಲೋಮೀಟರು. ಕಣ್ಣು ಮುಚ್ಕೊಂಡು ಹೋಗ್ತೀನಿ ನಾನು."

"ನನಗೆ ಅದೇ ಭಯ" ಎಂದಳು ಅವಳು.

ಅವನು ನಗಲಿಲ್ಲ. "ಇವತ್ತೊಂದಿನ ಬಿಡು ತಂಗಿ. ನೀನು ಪಕ್ಕದಲ್ಲಿ ಕೂತು ಹೇಳ್ತಾ ಇರು. ಇಷ್ಟು ದಿನ ಆಗಿಲ್ಲವಾ? ಇವರನ್ನ ಮುಟ್ಟಿಸಿದ ಮೇಲೆ ಕೀಲಿ ನಿನ್ನ ಕೈಗೇ ಕೊಡ್ತೀನಿ."

ಆ ಮಾತು ಕೇಳಿ ಅವಳಿಗೆ ಆಸೆಯಾಯಿತು ಎಂಬುದೇ ನಾಚಿಕೆಯ ವಿಷಯ. ಇಷ್ಟು ದಿನ ಆಗಿದೆಯಲ್ಲ, ಇನ್ನೊಂದು ದಿನ. ಆರಕ್ಕೆ ಮನೆ ಸೇರಬಹುದು. ಜ್ವರದ ಮಗು ಕಾಯುತ್ತಿದೆ. ಕಣ್ಣು ಕಾಣದ ಒಂಬತ್ತು ಮಂದಿ ಹತ್ತಿ ಕೂತಿದ್ದಾರೆ. ಅವಳು ಹೂಂ ಎನ್ನುವ ಬದಲು ಆಸ್ಪತ್ರೆಗೆ ಫೋನು ಮಾಡಿದಳು. ಇನ್ನೊಬ್ಬ ಡ್ರೈವರು ಬರುವುದು ನಾಳೆ ಬೆಳಿಗ್ಗೆ ಎಂದರು. ತನಗಂತೂ ಓಡಿಸಲು ಬಾರದು, ಶಾಲೆಯ ಮೇಷ್ಟರನ್ನು ಕೇಳಿದಳು. ಊರಲ್ಲಿ ವ್ಯಾನು ಓಡಿಸಬಲ್ಲವನು ಒಬ್ಬನೇ, ಅವನು ಬೆಳಿಗ್ಗೆಯೇ ಲೋಡು ಹಾಕಿಕೊಂಡು ಹೋಗಿದ್ದಾನೆ ಎಂದರು ಮೇಷ್ಟರು. "ದೊಡ್ಡ ರಸ್ತೆಯಲ್ಲಿ ಸಂಜೆ ನಾಲ್ಕಕ್ಕೆ ಒಂದು ಬಸ್ಸು ಬರುತ್ತೆ. ಆದ್ರೆ ಒಂದು ಮೈಲಿ ನಡೀಬೇಕಲ್ಲಮ್ಮ, ಇವರೆಲ್ಲ..." ಎಂದು ವ್ಯಾನಿನ ಕಡೆ ನೋಡಿದರು.

ಮೂರೂ ಹತ್ತಾಗಿತ್ತು.

"ಕೀಲಿ ಕೊಡಣ್ಣ" ಎಂದಳು.

ಅವನು ಜೇಬಿಗೆ ಕೈ ಹಾಕಿ ಹಾಗೇ ನಿಂತ. ಬಲವಂತ ಮಾಡಿದ್ದರೆ ಕೊಡುತ್ತಿರಲಿಲ್ಲವೋ ಏನೋ. ಅವಳು ಕೈ ಚಾಚಿಕೊಂಡು ಸುಮ್ಮನೆ ನಿಂತಳು, ನೋವಾಗುವ ಸೊಂಟಕ್ಕೆ ಇನ್ನೊಂದು ಕೈ ಕೊಟ್ಟು. ಕೊನೆಗೆ ಕೀಲಿ ಅವಳ ಅಂಗೈಗೆ ಬಿತ್ತು. ಬೆವರಿನಿಂದ ಒದ್ದೆಯಾಗಿತ್ತು.

ಒಂಬತ್ತು ಮಂದಿಯನ್ನು ಇಳಿಸುವುದೆಂದರೆ ಹತ್ತಿಸಿದ್ದಕ್ಕಿಂತ ದೊಡ್ಡ ರಂಪ. "ಇದೇನಮ್ಮ, ಬಾ ಅಂದ್ರೆ ಬಾ, ಇಳಿ ಅಂದ್ರೆ ಇಳಿ, ನಾವೇನು ಕುರಿಗಳಾ?" ಎಂದಳು ಕುಳ್ಳಜ್ಜಿ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ ಇಡಿಸಿ, ಮುಂದೆ ತಾನು ನಿಂತು, ಕಣ್ಣಕ್ಕ ಸಾಲು ಹೊರಡಿಸಿದಳು. ಬಾಲದಲ್ಲಿ ಡ್ರೈವರಣ್ಣ. ಮೂರು ದಿನದ ಗಂಟುಮೂಟೆಗಳು ಅವನ ಎರಡೂ ಕೈಯಲ್ಲಿ.

"ಡ್ರೈವರಪ್ಪ, ನಿನ್ನ ಗಾಡಿಗೆ ಏನಾಯ್ತೋ?"

"ಗಾಡಿ ಗಟ್ಟಿಮುಟ್ಟಾಗಿದೆ ಅಜ್ಜಿ. ಕೆಟ್ಟಿರೋದು ಡ್ರೈವರು."

"ಕುಡಿದಿದ್ದೀಯಾ?"

"ಕುಡಿದಿದ್ರೆ ಸಂಜೆಗೆ ಇಳೀತಿತ್ತು."

ಒಂದು ಮೈಲಿ ನಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರು ಮುಗ್ಗರಿಸಿದರೆ ಇಡೀ ಸಾಲು ಮುಗ್ಗರಿಸುತ್ತಿತ್ತು. ಒಬ್ಬ ಅಜ್ಜನಿಗೆ ಮೂತ್ರಕ್ಕೆ ಹೋಗಬೇಕಾಯಿತು, ಅವನನ್ನು ನೋಡಿ ಇನ್ನಿಬ್ಬರಿಗೂ. ಬಸ್ಸು ಬಂದಾಗ ಕಂಡಕ್ಟರು ಹುಬ್ಬಿನ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡ ದಂಡು ನೋಡಿ, "ಏನಕ್ಕ, ಮದುವೆ ದಿಬ್ಬಣವಾ?" ಎಂದ. ಕುಳ್ಳಜ್ಜಿಯೇ "ಹೂಂ, ಗಂಡು ನೀನೇ, ಮೊದಲು ಸೀಟು ಬಿಡಿಸು" ಎಂದಳು.

ಅವಳೂ ಡ್ರೈವರಣ್ಣನೂ ಹಿಂದಿನ ಸೀಟಿನಲ್ಲಿ ಕೂತರು. ಅವಳು ಮನೆಗೆ ಫೋನು ಮಾಡಿ, ಆರಕ್ಕೆ ಆಗುವುದಿಲ್ಲ ಎಂದಳು. ಅತ್ತೆ "ಜ್ವರ ಇಳಿದಿಲ್ಲ" ಎಂದಷ್ಟೇ ಹೇಳಿ ಇಟ್ಟರು.

"ಸಾವಿರಾರು ಜನಕ್ಕೆ ಧೈರ್ಯ ಹೇಳಿದ್ದೀಯಲ್ಲಣ್ಣ" ಎಂದಳು ಆಮೇಲೆ. "ಇರುವೆ ಕಚ್ಚಿದಷ್ಟೂ ನೋವಾಗಲ್ಲ ಅಂತ. ನೀನೇ ಯಾಕೆ ಮಾಡಿಸ್ಕೊಳ್ಳಲಿಲ್ಲ?"

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದ. "ನೀನು ಎಲ್ರಿಗೂ ಹೇಳ್ತೀಯಲ್ಲ, ಕೆಡೋದು ಸಾವಿರಕ್ಕೆ ಒಬ್ರಿಗೆ ಅಂತ. ಆ ಒಬ್ಬನ್ನ ಮನೆಗೆ ಬಿಟ್ಟುಬಂದಿದ್ದು ನಾನು. ನಿನ್ನ ಬಾಣಂತನದ ರಜೆಯಲ್ಲಿ. ಕೀವಾಗಿತ್ತು ಕಣ್ಣು. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳ್ತಿದ್ದ, ಹೊತ್ತು ಮುಳುಗಿತಾ ಅಂತ. ಮಟಮಟ ಮಧ್ಯಾಹ್ನ ತಂಗಿ. ನಾನು ಹೂಂ ಅಂದೆ."

ಹೇಳಲು ಅವಳ ಹತ್ತಿರ ಇದ್ದದ್ದು ಅಂಕಿಸಂಖ್ಯೆ ಮಾತ್ರ.

ಆಸ್ಪತ್ರೆ ತಲುಪಿದಾಗ ದೀಪ ಹಚ್ಚಿದ್ದರು. ಒಂಬತ್ತು ಮಂದಿಯನ್ನು ವಾರ್ಡಿಗೆ ಒಪ್ಪಿಸಿ, ಕುಳ್ಳಜ್ಜಿಗೆ ಕಿಟಕಿ ಪಕ್ಕದ ಮಂಚವೇ ಬೇಕೆಂದು ಸಿಸ್ಟರ್ ಜೊತೆ ಜಗಳವಾದದ್ದನ್ನು ಬಿಡಿಸಿ, ಹತ್ತನೆಯವನನ್ನು ಡಾಕ್ಟರ ಕೋಣೆಗೆ ಕರೆದೊಯ್ದಳು. ಡಾಕ್ಟರು ಅವನ ಗದ್ದವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಎಡಗಣ್ಣಲ್ಲಿ ಪೊರೆ ಪೂರ್ತಿ ಬಲಿತಿದೆ. ಹಿಂದಿನ ನರ ಹೇಗಿದೆ ಅಂತ ಪೊರೆ ತೆಗೆದ ಮೇಲೇ ಗೊತ್ತಾಗೋದು. ಮೊದಲು ಇದನ್ನ ಮಾಡೋಣ, ನಾಳೆ ಕೊನೆಗೆ ಹಾಕ್ಕೊಳ್ತೀನಿ." ಅವರು ಕುರ್ಚಿ ಹಿಂದಕ್ಕೆ ತಳ್ಳಿದರು. "ಇವರು ಇಷ್ಟು ದಿನ ಗಾಡಿ ಓಡಿಸ್ತಿದ್ರಾ? ಕಣ್ಣು ಸರಿ ಇದೆ ಅಂತ ಯಾರು ಬರೆದುಕೊಟ್ಟೋರು?"

ಡ್ರೈವರಣ್ಣ ಬಾಯಿ ತೆರೆದ. "ಸಾರ್, ನಾನೇ ಮೋಸ..."

"ನಾನು ಸಾರ್" ಎಂದಳು ಅವಳು. "ನಾಲ್ಕು ವರ್ಷವೂ ನಾನೇ. ಬೋರ್ಡು ನೋಡದೆ ಬರೆದೆ."

ಡಾಕ್ಟರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು. "ಅದನ್ನ ಬರೆದು ಆಫೀಸಿಗೆ ಕೊಡಿ" ಎಂದಷ್ಟೇ ಹೇಳಿದರು.

ಹೊರಗಿನ ಬೆಂಚಿನಲ್ಲಿ ಕೂತು ಬರೆದಳು. ಮೂರೇ ಸಾಲು. ಬರೆದ ಮೇಲೆ ಅವನ ಮನೆಗೆ ತಿಳಿಸುವುದೊಂದು ಉಳಿದಿತ್ತು. ಅವನು "ಬೇಡ ತಂಗಿ, ಅವಳು ಹೆದರ್ತಾಳೆ, ಎಲ್ಲ ಆದ್ಮೇಲೆ ಹೇಳೋಣ" ಎನ್ನುತ್ತಿದ್ದ. ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಸಿಸ್ಟರ್ ಅವನನ್ನು ಒಳಗೆ ಕರೆದರು. ಅವಳು ಫೋನು ಮಾಡಿದಳು.

ಅವನ ಹೆಂಡತಿ ಎಲ್ಲವನ್ನೂ ಅಡ್ಡ ಮಾತಾಡದೆ ಕೇಳಿಸಿಕೊಂಡಳು. ಅಳಲಿಲ್ಲ.

"ನಂಗೆ ಗೊತ್ತಿತ್ತು ಕಣಮ್ಮ" ಎಂದಳು. "ಎರಡು ವರ್ಷದಿಂದ ಅವರ ಉಗುರು ನಾನೇ ತೆಗೀತಿದ್ದೀನಿ. ಲೋಟ ಇಟ್ರೆ ಮೊದಲು ಮೇಜು ಸವರ್ತಾರೆ, ಆಮೇಲೆ ಲೋಟ ಹಿಡೀತಾರೆ. ಕೇಳಿದ್ರೆ ನೀವು ಬರೆದುಕೊಟ್ಟ ಕಾಗದ ತಂದು ಮುಖಕ್ಕೆ ಹಿಡಿಯೋರು. ನೋಡು, ಕಣ್ಣಕ್ಕನೇ ಸರಿ ಇದೆ ಅಂದಿದ್ದಾಳೆ, ನಿಂದೇನು ಅಂತ. ಓದಿದೋರು, ದಿನಾ ಜೊತೆಗಿರೋರು ನೀವು. ನಂಗೇ ಏನೋ ಭ್ರಮೆ ಅಂತ ಸುಮ್ಮನಾದೆ."

ಕಣ್ಣಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ತಪ್ಪಾಯ್ತು ಎನ್ನಬಹುದಿತ್ತು. ಅಷ್ಟು ದೊಡ್ಡದಕ್ಕೆ ಅದು ಸಾಲದು ಅನ್ನಿಸಿತು.

"ಈಗ ಇಲ್ಲಿಂದ ಬಸ್ಸಿಲ್ಲ" ಎಂದಳು ಆ ಹೆಂಗಸು. "ಬೆಳಿಗ್ಗೆ ಮೊದಲನೇದಕ್ಕೆ ಬರ್ತೀನಿ. ಅವರು ಧೈರ್ಯಸ್ಥರ ಥರ ಮಾತಾಡ್ತಾರೆ, ಒಳಗೆ ಏನೂ ಇಲ್ಲ. ಒಬ್ರೇ ಇದ್ರೆ ಎದ್ದು ಬಂದುಬಿಡ್ತಾರೆ. ನಾನು ಬರೋವರೆಗೆ ನೀವು ಅಲ್ಲಿರ್ತೀರಾ?"

ಕಾರಿಡಾರಿನ ಕೊನೆಯಲ್ಲಿ ಡ್ರೈವರಣ್ಣ ಗೋಡೆ ಹಿಡಿದುಕೊಂಡು ಬಾಗಿಲು ಹುಡುಕುತ್ತಿದ್ದ. ಹನಿ ಹಾಕಿದ ಕಣ್ಣಿಗೆ ಈಗ ಇದ್ದಬದ್ದದ್ದೂ ಮಸುಕು. ಮನೆಯಲ್ಲಿ ಮಗು ಅಮ್ಮ ಎಲ್ಲಿ ಎಂದು ಇಷ್ಟು ಹೊತ್ತಿಗೆ ಹತ್ತು ಸಲವಾದರೂ ಕೇಳಿರುತ್ತದೆ.

"ಇರ್ತೀನಿ" ಎಂದಳು.

ಫೋನು ಇಟ್ಟು, ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಹೋಗಿ ಅವನ ಮೊಣಕೈ ಹಿಡಿದು, "ಈ ಕಡೆ ಅಣ್ಣ" ಎಂದಳು.